ಸಿರಪ್ ಕಲೆಯ ಹಾಳೆ

“ಇದು ಫೇರ್ ಕಾಪಿ. ಔಷಧ ಮಾಡುತ್ತ ಬರೆದ ಹಾಳೆ ಎಲ್ಲಿ?” ಎಂದು ಕಾರ್ಖಾನೆಯೊಂದರ ಅಧಿಕಾರಿ ನನ್ನನ್ನು ಕೇಳಿದರು. ಶಿರಸಿಯ ನಮ್ಮ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ನಡೆಸುವ ಔಷಧ ಯಂತ್ರಗಳ ಕೋರ್ಸ್ ತೆರೆಯಬಹುದೇ ಎಂದು ನೋಡಲು ಕಾರ್ಖಾನೆಗಳವರ ಸಲಹಾ ಮಂಡಳಿ ಬಂದಿತ್ತು. ಅವರು ಒಪ್ಪದಿದ್ದರೆ ಅದನ್ನು ಕಲಿಯಲು ನಮ್ಮ ಮಕ್ಕಳು ಹುಬ್ಬಳ್ಳಿಗೇ ಹೋಗಬೇಕು. ಹಿಂದಿನ ದಿನವಷ್ಟೇ, ಕೆಮ್ಮಿನ ಸಿರಪ್ ಚೆಲ್ಲಿ ಕಲೆಯಾಗಿದ್ದ ಹಾಳೆ ನೋಡಿ, “ಎಂತದೇ ಇದು ಮಾರಾಯ್ತಿ! ಬಿಸಾಡು, ದುಂಡಗೆ ಬರ್ದು ತಾ” ಎಂದು ಶಿಕ್ಷಕಿಯಾದ ನಾನೇ ವಿದ್ಯಾರ್ಥಿನಿ ಸುಜಾತಾಳನ್ನು ಗದರಿದ್ದೆ.

ಹೇರೂರು ಕಡೆಯ ಆ ಹುಡುಗಿ ಈಗ ನನ್ನ ಮುಖ ನೋಡದೆ, ಚೀಲದಿಂದ ಅದೇ ಹಾಳೆ ತೆಗೆದು ಅಧಿಕಾರಿಗೆ ಕೊಟ್ಟಳು. “ಉಷ್ಣತೆ ತಪ್ಪು ಬರ್ದಿದ್ದೆ ಸರ್. ಗೆರೆ ಎಳೆದು ಪಕ್ಕಕ್ಕೆ ಸರಿ ಮಾಡಿ ಸಹಿ ಹಾಕಿದ್ದೆ. ಬಿಸಾಡಿದ್ರೆ ಏನಾಗಿತ್ತು ಅಂತ ಯಾರಿಗೂ ಗೊತ್ತಾಗೂದಿಲ್ಲ ಅಲ್ದಾ?”

ಹಾಳೆ ಮಂಡಳಿಯವರ ಕೈಯಿಂದ ಕೈಗೆ ದಾಟಿತು. ತಮ್ಮ ಕಾರ್ಖಾನೆಯ ಹೊಸ ಕಂಪ್ಯೂಟರ್ ಕೂಡ ತಪ್ಪನ್ನೂ, ತಿದ್ದಿದವರ ಹೆಸರನ್ನೂ ಹೀಗೇ ಉಳಿಸಿಕೊಳ್ಳುತ್ತದೆ ಎಂದ ಅಧಿಕಾರಿ, ಈ ಬುದ್ಧಿಯನ್ನು ಕೆಲಸಗಾರರಿಗೆ ಕಲಿಸುವುದೇ ತಮಗೆ ಕಷ್ಟವಾಗಿತ್ತು ಎಂದರು. ಕೋರ್ಸ್ ನಮಗೇ ಬಂತು.

ಆ ಎರಡೂ ಹಾಳೆಗಳು ಇಂದಿಗೂ ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿವೆ. ಹೊಸ ಮಕ್ಕಳು ಬಂದಾಗ ಕಲೆಯಿರುವುದನ್ನು ತೋರಿಸಿ ಹೆಮ್ಮೆಯಿಂದ ಸುಜಾತಾಳ ಹೆಸರು ಹೇಳುತ್ತೇನೆ. ದುಂಡಗಿರುವುದನ್ನು ತೋರಿಸಿ, ಇದನ್ನು ಬರೆಸಿದವಳು ನಾನು ಎಂದೂ ಹೇಳುತ್ತೇನೆ.