ಹಣ್ಣಿನ ಹೊತ್ತು ಹೇಳುತ್ತಿದ್ದ ಚಾಚಾ

ಬೆಣ್ಣೆಹಣ್ಣನ್ನು ಅವರು ಬೆರಳಿನಿಂದ ಒತ್ತುತ್ತಿರಲಿಲ್ಲ. ಮದರಂಗಿ ಹಚ್ಚಿ ಕೆಂಪಾದ ಗಡ್ಡಕ್ಕಿಂತ ತುಸು ಮೇಲೆ, ಕೆನ್ನೆಗೆ ತಾಗಿಸಿ ಕಣ್ಣು ಮುಚ್ಚುತ್ತಿದ್ದರು, ಹಣ್ಣು ಏನೋ ಗುಟ್ಟು ಹೇಳುತ್ತಿರುವಂತೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನೊಳಗೆ, ಪಾರಿವಾಳಗಳು ಕೂರುವ ಎತ್ತರದ ಸೂರಿನಡಿ, ನಮ್ಮಮ್ಮನ ಖಾಯಂ ಹಣ್ಣಿನಂಗಡಿ ಅವರದು. ನಮಗೆಲ್ಲ ಅವರು ಚಾಚಾ.

ಯಾವಾಗ ತಿನ್ನುತ್ತೀರಿ ಎಂದು ಕೇಳದೆ ಅವರು ಹಣ್ಣು ಕೊಡುತ್ತಿರಲಿಲ್ಲ. ಇದು ಸಂಜೆಗೆ, ಇದು ನಾಳಿದ್ದು ಬೆಳಿಗ್ಗೆಗೆ ಎಂದು ಬೇರೆ ಬೇರೆ ಕಟ್ಟಿಕೊಡುತ್ತಿದ್ದರು. ಮರೆತವರು ಫೋನ್ ಮಾಡಿ ಕೇಳಿಯೇ ಕೊಯ್ಯುತ್ತಿದ್ದರು. ನಾನಾದರೋ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಕ್ಯಾಂಟೀನಿನವರವರೆಗೆ ಎಲ್ಲರ ದನಿ ಅಣಕಿಸಿ ಹೆಸರು ಮಾಡಿದವನು. ಸ್ವಂತ ದನಿಯಲ್ಲಿ ಮಾತಾಡಿದರೆ ಯಾರೂ ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ. ಚಾಚಾ ದನಿ ನನ್ನ ಮುಖ್ಯ ಐಟಂ.

ಒಂದು ಶನಿವಾರ ಅಮ್ಮ ಮೀನಿನ ಕಡೆ, ಚಾಚಾ ನಮಾಜಿಗೆ, ಅಂಗಡಿ ಕಾಯಲು ನಾನು. ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಅವರ ಫೋನ್ ಹೊಡೆದುಕೊಂಡಿತು. ಹಲಸೂರಿನ ಆಂಟಿಯೊಬ್ಬರು, ಒಯ್ದ ಸೀತಾಫಲ ಯಾವಾಗ ಒಡೆಯಲಿ ಎಂದು ಕೇಳಿದರು. ನಾನು ಗಂಟಲು ಸರಿ ಮಾಡಿಕೊಂಡೆ.

"ಈಗ್ಲೇ ಒಡೀರಿ ಅಮ್ಮಾ, ಮಲಾಯಿ ಇದ್ದಂಗೈತೆ."

ಚಾಚಾ ಬಂದ ಮೇಲೆ ಅಭಿನಯಸಹಿತ ಒಪ್ಪಿಸಿದೆ. ಪಕ್ಕದಂಗಡಿಯವರು ನಕ್ಕರು. ಚಾಚಾ ನಗಲಿಲ್ಲ. ಆ ಹಣ್ಣು ಆಂಟಿಯ ತಂದೆಗಂತೆ. ಆಪರೇಷನ್ ಮುಗಿಸಿ ಮನೆಗೆ ಬಂದ ಮುದುಕರು ಅದೊಂದನ್ನೇ ಬಯಸಿದ್ದರಂತೆ. ಸೋಮವಾರಕ್ಕೆಂದು ಕೊಟ್ಟಿದ್ದು, ಕಾಯಿ ಒಡೆದರೆ ಮತ್ತೆ ಹಣ್ಣಾಗದು.

ಹಣ್ಣುಗಳ ಮೇಲೆ ಗೋಣಿ ಎಳೆದು, ತಮ್ಮ ಮನೆಗೆಂದು ತೆಗೆದಿಟ್ಟಿದ್ದ ಮಾಗಿದ ಸೀತಾಫಲ ಹಿಡಿದು, ನನ್ನನ್ನೂ ಆಟೋ ಹತ್ತಿಸಿದರು. ಹಲಸೂರಿನ ಆ ಮನೆಬಾಗಿಲಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: "ತಪ್ಪು ಹೇಳ್ಬಿಟ್ಟೆ ಅಮ್ಮಾ. ವಯಸ್ಸಾಯ್ತು ನಂಗೆ."

ವಾಪಸ್ ಬರುವಾಗ, ಯಾಕೆ ಹಾಗಂದಿರಿ ಎಂದು ಕೇಳಿದೆ.

"ದನಿ ನಂದು ಅಂದ್ಮೇಲೆ ಮಾತೂ ನಂದೇ ಅಲ್ವಾ ಬೇಟಾ," ಎಂದರು.

ಚಾಚಾ ತೀರಿಕೊಂಡು ಎರಡು ವರ್ಷ. ಮೊನ್ನೆ ಮಾರ್ಕೆಟ್ಟಿನಲ್ಲಿ ಅದೇ ಆಂಟಿ ಸಿಕ್ಕರು. ಪಾಪ, ಕೊನೆಗಾಲಕ್ಕೆ ಚಾಚಾಗೆ ಹಣ್ಣೇ ತಿಳಿಯದಂತಾಗಿತ್ತು ಎಂದು ಅಮ್ಮನ ಹತ್ತಿರ ಹೇಳತೊಡಗಿದರು. ಅವತ್ತು ಫೋನಿನಲ್ಲಿ ಮಾತಾಡಿದ್ದು ನಾನು ಎಂದೆ. ಅವರು ನಂಬಲಿಲ್ಲ. ಇಪ್ಪತ್ತು ವರ್ಷ ಕೇಳಿದ ದನಿ ತಮಗೆ ಗೊತ್ತಾಗುವುದಿಲ್ಲವೇ ಎಂದು ನನಗೇ ಗದರಿದರು.

ಬೇರೆ ದಾರಿಯಿರಲಿಲ್ಲ. ಅವತ್ತಿನ ಮಾತನ್ನೇ ಚಾಚಾ ದನಿಯಲ್ಲಿ ಹೇಳಿದೆ.

ಆಂಟಿ ಕೈಚೀಲ ಕೆಳಗಿಟ್ಟರು. ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಇನ್ನೊಂದ್ಸಲ ಹೇಳಪ್ಪ," ಎಂದರು.