ಬಿಳಿಯ ಮೇಲೆ ಬಿಳಿ: ಜಮಖಾನದ ಷಡಕ್ಷರಿಯ ವೆಬ್‌ಸೈಟು

ಏಕಾಂತಯ್ಯನ ಮಗ ರುದ್ರಸ್ವಾಮಿ, ರುದ್ರಸ್ವಾಮಿಯ ಮಗ ಷಡಕ್ಷರಿ. ಮೂರು ತಲೆಮಾರೂ ದೇವರಾಜ ಮೊಹಲ್ಲಾದಲ್ಲಿ ಜಮಖಾನ ಮಾರಿದವರು; ಮೂವರಿಗೂ ಕೋಪ ಮೂಗಿನ ತುದಿಯಲ್ಲೇ.

ಏಕಾಂತಯ್ಯ ಮಠದ ದಾಸೋಹಕ್ಕೆ ಪಂಕ್ತಿಯ ಹಾಸು ಒದಗಿಸುತ್ತಿದ್ದವನು. ಒಮ್ಮೆ ಒಬ್ಬ ಸಾಹುಕಾರನ ಮನೆಯ ಮದುವೆಗೂ ಜಮಖಾನ ಹಾಸಿಕೊಟ್ಟಿದ್ದ. ಅದನ್ನು ನೇಯ್ದ ಮುದುಕನನ್ನು ಸಾಹುಕಾರ ಪಂಕ್ತಿಯಿಂದ ಎಬ್ಬಿಸಿ ಹಿತ್ತಲಿಗೆ ಕಳಿಸಿದನೆಂದು ಕಿವಿಗೆ ಬಿದ್ದದ್ದೇ ತಡ, ಏಕಾಂತಯ್ಯ ಒಂದು ತುದಿಯಿಂದ ಹಾಸು ಸುತ್ತುತ್ತಾ ಬಂದ. ಬೀಗರು ತುತ್ತು ಕೈಯಲ್ಲಿ ಹಿಡಿದೇ ಎದ್ದು ನಿಂತರಂತೆ.

ಮಗ ರುದ್ರಸ್ವಾಮಿ ಅಂಗಡಿಯ ಬಾಗಿಲಲ್ಲಿ ಒಂದು ಚೆಂಬು ನೀರು, ಒಂದು ಬಿಳಿ ಬಟ್ಟೆಯ ತುಂಡು ಇಟ್ಟ. ಯಾವ ಜಮಖಾನವಾದರೂ ಸರಿ, ಗಿರಾಕಿಯ ಎದುರಿಗೇ ಒದ್ದೆ ಬಟ್ಟೆಯಿಂದ ಗಸಗಸ ತಿಕ್ಕಿ, ಆ ಬಟ್ಟೆಯನ್ನು ಗಿರಾಕಿಯ ಕೈಗೇ ಕೊಡುತ್ತಿದ್ದ. ಒಂದು ದಿನ ದೊಡ್ಡ ಅಧಿಕಾರಿಯೊಬ್ಬರ ಮುಂದೆ ಬಟ್ಟೆಗೆ ಕೆಂಪು ಅಂಟಿತು. ಬೇರೆಯವನಾಗಿದ್ದರೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದ. ರುದ್ರಸ್ವಾಮಿ ಇಡೀ ಕಟ್ಟನ್ನೇ ಬೀದಿಗೆಸೆದು, "ಸಗಣಿ ಬಾಚೋಕೆ ಬೇಕಾದೋರು ತಗೊಂಡೋಗ್ರಪ್ಪೋ" ಎಂದು ಕೂಗಿದ. ಅಂದಿನಿಂದ ಆ ಅಂಗಡಿಯ ಮಾಲು ಬಣ್ಣ ಬಿಡುವುದಿಲ್ಲ ಎಂಬುದು ಊರಿಗೆ ಊರೇ ಒಪ್ಪಿದ ಮಾತಾಯಿತು.

ಷಡಕ್ಷರಿಯ ಕಾಲಕ್ಕೆ ಊರೇ ಬದಲಾಗಿತ್ತು. ಮದುವೆಗಳಿಗೆ ಪ್ಲಾಸ್ಟಿಕ್ ಕುರ್ಚಿ ಬಂದವು. ಜಮಖಾನ ಕೇಳುವವರೇ ಇಲ್ಲ ಎನ್ನುವ ಹೊತ್ತಿಗೆ, ಎರಡು ಸಾವಿರದ ಮೂರನೇ ಇಸವಿಯ ಆಚೀಚೆ, ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಬಿಳಿಯರು ಆಟೋ ಹತ್ತಿ ಅವನ ಅಂಗಡಿ ಹುಡುಕಿಕೊಂಡು ಬರತೊಡಗಿದರು. ರಬ್ಬರ್ ಚಾಪೆಯ ಮೇಲೆ ಬೆವರಿಗೆ ಕಾಲು ಜಾರುತ್ತದೆ. ಅದರ ಮೇಲೆ ಹಾಸಲು ಒಬ್ಬರ ಅಗಲದ ಹತ್ತಿ ಜಮಖಾನ ಬೇಕು. ನಜರ್‌ಬಾದಿನ ಮಂಟಯ್ಯ ತನ್ನ ಮಗ್ಗಗಳಲ್ಲಿ ಅದನ್ನು ನೇಯ್ದುಕೊಟ್ಟ. ಬಂದವರು ತಮ್ಮ ದೇಶಕ್ಕೆ ಹೋದ ಮೇಲೂ ತರಿಸಿಕೊಳ್ಳಬೇಕು, ವೆಬ್‌ಸೈಟ್ ಇದೆಯೇ ಎಂದು ಕೇಳಿದರು.

ವೆಬ್‌ಸೈಟ್ ಮಾಡಿಕೊಟ್ಟವನು ಚಂದ್ರಮೌಳಿ, ಷಡಕ್ಷರಿಯ ಹೆಂಡತಿ ಗಿರಿಜಾಂಬಾಳ ತಮ್ಮ. ವೆಬ್‌ಸೈಟ್ ಕಟ್ಟುವುದು, ಹುಡುಕುವ ಯಂತ್ರದಲ್ಲಿ, ಅಂದರೆ ಇಂಟರ್ನೆಟ್ಟಿನ ಸರ್ಚ್ ಎಂಜಿನ್ನಿನಲ್ಲಿ, ಅದನ್ನು ಮೇಲಕ್ಕೆತ್ತುವುದು ಅವನ ಕಸುಬು. ಈ ಕಸುಬಿನವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಬೆಣ್ಣೆಯಂಥ ಮಾತು, ಇಸ್ತ್ರಿ ಮಾಡಿದ ಅಂಗಿ. ಮೊದಲ ಪುಟದ ಮೊದಲ ಸಾಲಿನಲ್ಲೇ ಕೂರಿಸುತ್ತೇನೆ ಎಂದು ಯಾವನಾದರೂ ಆಣೆಯಿಟ್ಟರೆ, ಅವನನ್ನು ಅಂಗಡಿಯ ಮೆಟ್ಟಿಲಲ್ಲೇ ತಡೆದು ನಿಲ್ಲಿಸಿ. ಆ ಯಂತ್ರ ಅವನಪ್ಪನ ಮನೆಯದಲ್ಲ.

ಆದರೆ ಮೊದಲ ತಪ್ಪು ಷಡಕ್ಷರಿಯದೇ, ಅದನ್ನೂ ಹೇಳಬೇಕು. ಅವರ ಮನೆತನದಲ್ಲಿ ಯಾವ ಕಾಗದಕ್ಕಾದರೂ ನೆತ್ತಿಯ ಮೇಲೆ "ಶ್ರೀ ಗುರು ಬಸವಲಿಂಗಾಯ ನಮಃ" ಇರಲೇಬೇಕು. ಬಿಲ್ಲಿಗೆ, ಲಗ್ನಪತ್ರಿಕೆಗೆ, ದೀಪಾವಳಿಯ ಕ್ಯಾಲೆಂಡರಿಗೆ. ಅದೇ ರೂಢಿಯಲ್ಲಿ ವೆಬ್‌ಸೈಟಿನ ಪ್ರತಿ ಪುಟದ ಟೈಟಲ್ಲಿಗೂ ಅದನ್ನೇ ಹಾಕಿಸಿದ. ಟೈಟಲ್ ಎಂದರೆ ಹುಡುಕಿದವನ ಕಣ್ಣಿಗೆ ಯಂತ್ರ ಮೊಟ್ಟಮೊದಲು ತೋರಿಸುವ ಸಾಲು. ಅಲ್ಲಿ ಗುರುವಿನ ಹೆಸರು ಬಿಟ್ಟರೆ ಮಾಲಿನ ಹೆಸರೇ ಇಲ್ಲ.

"ಭಾವ, ಇಂಗ್ಲೆಂಡಿನಲ್ಲಿ ಕೂತೋಳು ಬಸವಲಿಂಗ ಅಂತ ಟೈಪ್ ಮಾಡ್ತಾಳಾ? ಟೈಟಲ್ಲಲ್ಲಿ ಏನು ಮಾರ್ತೀರೋ ಅದು ಇರ್ಬೇಕು," ಎಂದ ಚಂದ್ರಮೌಳಿ.

"ನಮ್ಮಪ್ಪ ಸಾಯೋವರ್ಗೂ ಗುರುವಿನ ಹೆಸ್ರು ಬರೀದೆ ಒಂದು ಚೀಟಿ ಹರಿದೋನಲ್ಲ. ನೀನ್ಯಾವ ಸೀಮೆ ಅಧಿಕಾರಿನೋ ತೆಗಿ ಅನ್ನೋಕೆ?"

"ಆಯ್ತು ಬುಡಿ. ಹೆಸ್ರು ಇರ್ಲಿ, ಮೇಲೆತ್ತೋದು ನನಗೆ ಬುಟ್ಬುಡಿ."

ಎತ್ತಿದ. ಕೆಲವು ತಿಂಗಳಲ್ಲೇ ಷಡಕ್ಷರಿಯ ಅಂಗಡಿ ಯಂತ್ರದ ಮೊದಲ ಪುಟಕ್ಕೆ ಬಂತು. ಆರ್ಡರುಗಳು ಬಂದವು. ಮಂಟಯ್ಯ ಎರಡು ಮಗ್ಗವಿದ್ದದ್ದನ್ನು ನಾಲ್ಕು ಮಾಡಿ, ಕಸುಬು ಬಿಟ್ಟುಹೋಗಿದ್ದ ನೆಂಟರನ್ನು ಕರೆಸಿಕೊಂಡ. ಪುಟದಲ್ಲಿ ಗುರುವಿನ ಹೆಸರಿನ ಕೆಳಗೆ ಮಾತ್ರ ಅಂಗೈಯಗಲ ಬರಿದೇ ಬಿಳಿ ಜಾಗವಿತ್ತು. ಇದೇನೋ ಎಂದು ಷಡಕ್ಷರಿ ಕೇಳಿದ್ದಕ್ಕೆ ಚಂದ್ರಮೌಳಿ ಹೇಳಿದ್ದು: "ದೊಡ್ಡೋರ ಹೆಸ್ರು ಭಾವ. ಸುತ್ತ ಜಾಗ ಬುಟ್ರೆ ಗೌರವ."

ಷಡಕ್ಷರಿಗೆ ಹಿಗ್ಗು. ಬಂದವರಿಗೆಲ್ಲ ಆ ಬಿಳಿ ಜಾಗ ತೋರಿಸಿ, "ನಮ್ಮ ಭಾಮೈದ ಮಠದ ಊಟ ಉಂಡು ಬೆಳೆದೋನು ಕಣ್ರೀ" ಎಂದು ಹೊಗಳಿದ.

ಎರಡು ಸಾವಿರದ ಆರನೇ ಇಸವಿ, ದಸರಾ ಮುಗಿದಿತ್ತು. ಇನ್ನೇನು ಯೋಗದವರು ಬರುವ ಕಾಲ. ಮಂಟಯ್ಯ ನಾಲ್ಕು ಮಗ್ಗಕ್ಕೂ ಹಾಸುನೂಲು ಹೂಡಿ ಕೂತಿದ್ದ. ಆಗಲೇ ವೆಬ್‌ಸೈಟು ಯಂತ್ರದಲ್ಲಿ ಕಾಣೆಯಾಯಿತು. ಕೆಳಗೆ ಇಳಿದದ್ದಲ್ಲ, ಇಲ್ಲವೇ ಇಲ್ಲ. ಅಂಗಡಿಯ ಹೆಸರನ್ನೇ ಕೊಟ್ಟು ಹುಡುಕಿದರೂ ಬೇರೆಯವರು ಬರುತ್ತಾರೆ, ಷಡಕ್ಷರಿ ಬರುವುದಿಲ್ಲ. ಚಂದ್ರಮೌಳಿಗೆ ಫೋನ್ ಮಾಡಿದರೆ, "ಅಪ್‌ಡೇಟ್ ನಡೀತಾ ಅದೆ, ತಾನಾಗೇ ಬರ್ತದೆ" ಎಂದು ಇಟ್ಟುಬಿಟ್ಟ. ಮಂಟಯ್ಯ ಎರಡು ಮಗ್ಗ ನಿಲ್ಲಿಸಿ ಅಂಗಡಿಗೆ ಬಂದು, ಚಪ್ಪಲಿ ಬಿಟ್ಟು ಮೂಲೆಯಲ್ಲಿ ಕೂತ.

"ಸಾವ್ಕಾರ್ರೆ, ನೆಂಟ್ರನ್ನ ವಾಪಸ್ ಕಳಿಸ್ಬುಡ್ಲಾ?"

ಷಡಕ್ಷರಿ ಎದ್ದು ಬ್ರೌಸಿಂಗ್ ಸೆಂಟರಿಗೆ ಹೋದ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವನು, ಕಂಪ್ಯೂಟರ್ ಮುಟ್ಟಿದ್ದೇ ಐವತ್ತರ ಮೇಲೆ. ತನ್ನ ಪುಟ ತೆರೆದು ಪೆಚ್ಚಾಗಿ ನೋಡುತ್ತಾ ಕೂತ. ಎದುರಿಗೆ ಏನಾದರೂ ಹರಡಿದ್ದರೆ ಅವನ ಕೈಗೆ ತಿಕ್ಕುವ ಚಾಳಿ, ತಂದೆಯಿಂದ ಬಂದದ್ದು. ಮೌಸಿನ ಗುಂಡಿ ಒತ್ತಿಹಿಡಿದು ಪುಟದ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯತೊಡಗಿದ.

"ಯಾಕ್ರೀ ಷಡಕ್ಷರಪ್ಪನವರೇ, ಮೌಸನ್ನ ಹೀಗೆ ಉಜ್ತೀರಿ? ಸವೆದು ಹೋಗತ್ತೆ!" ಎಂದು ಸೆಂಟರಿನ ರಮಾಮಣಿ ನಕ್ಕಳು.

ಅವನು ನಗಲಿಲ್ಲ. ಉಜ್ಜಿದ ಕಡೆಯೆಲ್ಲ ಪುಟ ನೀಲಿಯಾಗಿತ್ತು. ಗುರುವಿನ ಹೆಸರಿನ ಕೆಳಗಿನ ಖಾಲಿ ಜಾಗವೂ ನೀಲಿಯಾಗಿ, ಅದರೊಳಗಿಂದ ಅಕ್ಷರಗಳು ಇರುವೆಯ ಸಾಲಿನಂತೆ ಎದ್ದು ಬಂದಿದ್ದವು. ಯೋಗ, ಯೋಗ, ಯೋಗ ರಗ್, ಅಗ್ಗದ ಯೋಗ ರಗ್, ತೂಕ ಇಳಿಸಿ, ಯಾರೋ ಸಿನಿಮಾ ನಟಿಯ ಹೆಸರು, ಗೋಕುಲಂನ ಯೋಗ ಮೇಷ್ಟ್ರುಗಳ ಹೆಸರು, ಮತ್ತೆ ಯೋಗ. ಬಿಳಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದು. ಓದುವವರಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ.

ಹುಡುಕುವ ಯಂತ್ರದವರು ವೆಬ್‌ಸೈಟ್ ಇಟ್ಟವರಿಗಾಗಿಯೇ ಬರೆದಿಟ್ಟ ನಿಯಮಗಳನ್ನು ಷಡಕ್ಷರಿ ನಿಘಂಟು ತೊಡೆಯ ಮೇಲಿಟ್ಟುಕೊಂಡು ಓದಿದ. ಹೀಗೆ ಅಕ್ಷರ ಬಚ್ಚಿಟ್ಟ ಪುಟವನ್ನು ಪಟ್ಟಿಯಿಂದಲೇ ಕಿತ್ತುಹಾಕುತ್ತೇವೆ ಎಂದು ಅಲ್ಲಿ ಚೊಕ್ಕವಾಗಿ ಬರೆದಿತ್ತು.

ಭಾನುವಾರ ಅಕ್ಕನ ಮನೆಗೆ ಇಡ್ಲಿಗೆ ಬಂದ ಚಂದ್ರಮೌಳಿ ಇನ್ನೂ ಕೈ ತೊಳೆದಿರಲಿಲ್ಲ, ಷಡಕ್ಷರಿ ಎಗರಿಬಿದ್ದ.

"ಗುರುವಿನ ಕಾಲ್ಕೆಳಗೆ ಸಿನಿಮಾದೋಳನ್ನ ಮಲಗ್ಸಿದ್ದೀಯಲ್ಲೋ, ಮುಠ್ಠಾಳ!"

"ಎಲ್ರೂ ಮಾಡ್ತಾರೆ ಭಾವ. ನೀವು ಸಿಕ್ಕಾಕ್ಕೊಂಡ್ರಿ, ಅಷ್ಟೆ."

"ನಾನು ಸಿಕ್ಕಾಕ್ಕೊಂಡ್ನಾ? ಗಿರಾಕಿಗೆ ಕಾಣದ್ದು ಯಂತ್ರಕ್ಕೆ ಯಾಕೋ ಕಾಣ್ಬೇಕು? ಗೌರವ ಅಂದ್ಯಲ್ಲೋ! ನಾನು ಕತ್ತೆ ಥರ ಊರೋರಿಗೆಲ್ಲ ತೋರ್ಸಿದ್ನಲ್ಲೋ!"

ಚಂದ್ರಮೌಳಿಗೂ ರೇಗಿತು. "ಮತ್ತೆ ಟೈಟಲ್ ಸರಿ ಮಾಡೋಕೆ ಬುಟ್ರಾ ನೀವು? ನೆಟ್ಟಗಿರೋ ದಾರಿಗೆ ಅಡ್ಡ ಮಲಕ್ಕೊಂಡೋರು ನೀವು. ಅದಕ್ಕೇ ನಾನು ಹಿತ್ತಲ ಗೋಡೆ ಹಾರ್ದೆ. ಆರ್ಡರ್ ಬಂದಾಗ ಸಿಹಿಯಾಗಿತ್ತಲ್ಲ?"

ಆ ಮಾತು ನಿಜವಾಗಿತ್ತು. ಗಿರಿಜಾಂಬಾ ಸಾರಿನ ಸೌಟು ಹಿಡಿದೇ ಬಂದಳು. "ಇಬ್ರೂ ನನ್ನ ಇಡ್ಲಿ ಮೇಲೆ ಉಗುಳು ಹಾರಿಸ್ಬೇಡಿ. ಚಂದ್ರೂ, ಆ ಪಾಸ್‌ವರ್ಡು ಏನದೋ ಅದನ್ನ ಬರ್ಕೊಟ್ಟು, ತಿಂದು, ಎದ್ದೋಗು."

ಪಾಸ್‌ವರ್ಡ್ ಕೈಗೆ ಬಂತು. ವೆಬ್‌ಸೈಟ್ ಇಟ್ಟವರೆಲ್ಲ ಅದನ್ನು ಮೊದಲ ದಿನವೇ ಕೇಳಿ ಪಡೆಯಬೇಕು. ತನ್ನ ಅಂಗಡಿಯ ಬೀಗದ ಕೈಯನ್ನು ಭಾಮೈದನ ಜೇಬಿನಲ್ಲಿಟ್ಟು ಯಾರಾದರೂ ವ್ಯಾಪಾರಕ್ಕೆ ಕೂರುತ್ತಾರೆಯೇ?

ಬಚ್ಚಿಟ್ಟ ಅಕ್ಷರಗಳನ್ನು ಷಡಕ್ಷರಿ ರಮಾಮಣಿಯನ್ನು ಕೇಳಿಕೊಂಡು ಒಂದೊಂದಾಗಿ ಅಳಿಸಿದ. ಉಳಿದದ್ದು ಟೈಟಲ್. ಅದರ ಮುಂದೆ ಅವನು ಬಹಳ ದಿನ ಮುಖ ಊದಿಸಿಕೊಂಡು ಕೂತ. ಕೊನೆಗೆ ಒಂದು ಬೆಳಗ್ಗೆ ಅಂಗಡಿ ತೆರೆಯುವಾಗ ತಲೆಯೆತ್ತಿ ನೋಡಿದ. ಹೊರಗಿನ ಬೋರ್ಡಿನ ಮೇಲೆ ಅವನ ತಂದೆ ಬರೆಸಿದ್ದು "ಹತ್ತಿ ಜಮಖಾನ" ಎಂದು, ದಪ್ಪಕ್ಷರದಲ್ಲಿ. ಗುರುವಿನ ಪಟ ಇದ್ದದ್ದು ಒಳಗೆ, ಗಲ್ಲಾಪೆಟ್ಟಿಗೆಯ ಮೇಲೆ, ದಿನಾ ಹೂವು ಮುಡಿದುಕೊಂಡು. ಇಷ್ಟು ವರ್ಷ ಆ ಬೋರ್ಡಿನ ಕೆಳಗೇ ನುಗ್ಗಿ ಹೋದವನಿಗೆ ಅದು ಕಂಡಿರಲಿಲ್ಲ. ಅಂದೇ ಟೈಟಲ್ ಬದಲಿಸಿದ. ಗುರುವಿನ ಹೆಸರನ್ನು ಪುಟದ ಒಳಗೆ, ಎಲ್ಲರಿಗೂ ಕಾಣುವಂತೆ ಉಳಿಸಿಕೊಂಡ. ಭಾಮೈದನ ಮಾತು ಸರಿಯಿತ್ತೆಂದು ಮಾತ್ರ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಟೈಟಲ್ಲಿಗೆ ಯಾವ ಮಾತು ಹಾಕಬೇಕೆಂದು ಅವನು ತಲೆ ಕೆರೆದುಕೊಂಡು ಕೂರಲಿಲ್ಲ. ಅಂಗಡಿಗೆ ಬಂದ ಬಿಳಿಯರನ್ನೇ ಅಡ್ಡಗಟ್ಟಿ, ಇದನ್ನು ನೀವು ಏನೆಂದು ಟೈಪ್ ಮಾಡಿ ಹುಡುಕುತ್ತೀರಿ ಎಂದು ಕೇಳಿದ. ಜಮಖಾನ ಎಂದವರು ಒಬ್ಬರೂ ಇಲ್ಲ. ಎಲ್ಲರ ಬಾಯಲ್ಲೂ ಕಾಟನ್ ಯೋಗ ರಗ್. ಅದನ್ನೇ ಹಾಕಿದ, ಒಂದೇ ಸಲ. ಮುಂಚೆ ಅಳತೆ, ಬಣ್ಣ, ಒಗೆಯುವ ರೀತಿಯನ್ನೆಲ್ಲ ಚಿತ್ರದೊಳಗೆ ಬರೆಸಿದ್ದರು. ಚಿತ್ರದೊಳಗಿನ ಅಕ್ಷರ ಯಂತ್ರಕ್ಕೆ ಓದಲು ಬಾರದು. ಅದನ್ನು ಬಿಡಿಸಿ ನೇರ ಬರಹದಲ್ಲಿ ಇಟ್ಟ. ಬಣ್ಣಕ್ಕೊಂದು ಪುಟ, ಪುಟಕ್ಕೊಂದು ಬೇರೆ ಟೈಟಲ್. ಕೊನೆಗೆ ತಂದೆಯ ಒದ್ದೆ ಬಟ್ಟೆಯ ಪರೀಕ್ಷೆಯ ಮೇಲೂ ಒಂದು ಪುಟ ಬರೆದ: ಮನೆಗೆ ಬಂದ ರಗ್ಗನ್ನು ಹೀಗೆ ತಿಕ್ಕಿ, ಬಣ್ಣ ಬಿಟ್ಟರೆ ನಮಗೇ ವಾಪಸ್ ಕಳಿಸಿ, ಬೇರೆ ಕಡೆ ಕೊಂಡದ್ದನ್ನೂ ಹೀಗೇ ತಿಕ್ಕಿ ನೋಡಿ. ಆ ಕೊನೆಯ ಸಾಲಿನಲ್ಲಿ ಸ್ವಲ್ಪ ಹೊಟ್ಟೆಯುರಿಯೂ ಇತ್ತು, ಇರಲಿ.

ಆಮೇಲೆ ಯಂತ್ರದವರಿಗೆ ಮನವಿ ಕಳಿಸಿದ. ಅಕ್ಷರ ಬಚ್ಚಿಟ್ಟದ್ದು ಹೌದು, ತೆಗೆದಿದ್ದೇನೆ, ಇನ್ನು ಆಗುವುದಿಲ್ಲ. ಉತ್ತರ ಬರಲಿಲ್ಲ. ಯೋಗದವರ ಕಾಲ ಆರಂಭವಾಯಿತು, ಮುಗಿಯುತ್ತಲೂ ಬಂತು. ಮಂಟಯ್ಯನ ನೆಂಟರು ಊರಿಗೆ ಹೋದರು. ಬೇಸಿಗೆಯ ಹೊತ್ತಿಗೆ ವೆಬ್‌ಸೈಟು ಮತ್ತೆ ಕಾಣಿಸಿತು, ಎಲ್ಲೋ ಆರನೇ ಪುಟದ ಅಡಿಯಲ್ಲಿ. ಒದ್ದೆ ಬಟ್ಟೆಯ ಪುಟ ಓದಿ, ತಿಕ್ಕಿ ನೋಡಿದ ಯೋಗ ಕಲಿಸುವವರು ಕೆಲವರು ತಮ್ಮ ತಮ್ಮ ವೆಬ್‌ಸೈಟಿನಲ್ಲಿ ಅದರ ವಿಷಯ ಬರೆದು, ಷಡಕ್ಷರಿಯ ಪುಟಕ್ಕೆ ಲಿಂಕ್ ಕೊಟ್ಟರು. ಅವನು ಯಾರನ್ನೂ ಕೇಳಿರಲಿಲ್ಲ. ಅಂಥ ಒಂದೊಂದು ಲಿಂಕೂ ಯಂತ್ರಕ್ಕೆ ಸಾಕ್ಷಿ ಹೇಳಿದಂತೆ; ಒಂದೊಂದಕ್ಕೂ ಅವನು ಒಂದಿಷ್ಟು ಮೇಲೇರಿದ. ಮುಂದಿನ ದಸರಾ ಹೊತ್ತಿಗೆ ಎರಡನೇ ಪುಟ. ಮೊದಲ ಪುಟದ ಮೊದಲ ಸಾಲಿನಲ್ಲಿ ಬೇರೆ ಊರಿನ ಮಿಲ್ಲಿನ ಮಾಲು ಮಾರುವವನು ಕಾಲು ಚಾಚಿ ಕೂತಿದ್ದ. ಮಂಟಯ್ಯನ ಎರಡು ಮಗ್ಗ ಇನ್ನೂ ಧೂಳು ತಿನ್ನುತ್ತಿದ್ದವು.

ಆಗ ಚಂದ್ರಮೌಳಿ ಅಂಗಡಿಗೆ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಮಂಟಯ್ಯನೂ ಅಲ್ಲೇ ಇದ್ದ.

"ಭಾವ, ಹಳೇದು ಬುಟ್ಬುಡಿ. ಈಗ ಬಿಳಿ ಅಕ್ಷರದ ಆಟ ಇಲ್ಲ. ಇನ್ನೂರು ವೆಬ್‌ಸೈಟ್‌ನಿಂದ ನಿಮ್ಮ ಪುಟಕ್ಕೆ ಲಿಂಕ್ ಹಾಕಿಸ್ತೀನಿ. ಆ ವೆಬ್‌ಸೈಟೆಲ್ಲ ನಮ್ಮ ಕೈಯಲ್ಲೇ ಅವೆ. ತಿಂಗಳೊಳಗೆ ಆ ಮಿಲ್ಲಿನೋನು ಕೆಳಗೆ, ನೀವು ಮೇಲೆ. ಕಾಸು ಬ್ಯಾಡ, ಅಕ್ಕನ ಮುಖ ನೋಡಿ ಮಾಡ್ತೀನಿ."

"ಅವ್ರಲ್ಲಿ ಜಮಖಾನ ಕೊಂಡೋರು ಯಾರು?"

"ಯಾರೂ ಇಲ್ಲ. ಯಾಕೆ ಇರ್ಬೇಕು?"

ಮಂಟಯ್ಯ ಮೆಲ್ಲಗೆ ಬಾಯಿ ಹಾಕಿದ. "ಒಪ್ಕೊಂಬುಡಿ ಸಾವ್ಕಾರ್ರೆ. ಮಗ್ಗ ನಿಂತೇ ವರ್ಸಾಯ್ತು."

ಷಡಕ್ಷರಿ ಮೈಸೂರುಪಾಕಿನ ಪೊಟ್ಟಣ ಎತ್ತಿ ಭಾಮೈದನ ಕೈಗೇ ಇಟ್ಟ.

"ಮಂಟಯ್ಯ, ನಿನ್ನ ಸಂಕ್ಟ ನಂಗೊತ್ತು, ನನ್ನ ಬೈಯೋದಾದ್ರೆ ಆಮೇಲೆ ಬೈ, ಕೂತ್ಕೊಂಡು ಬೈಸ್ಕೋತೀನಿ. ಚಂದ್ರೂ, ನೀನು ಕೇಳು. ನನ್ನ ಜಮಖಾನದ ಮೇಲೆ ಒಂದು ದಿನಾನೂ ಕಾಲಿಡದೋರು ಇನ್ನೂರು ಜನ ಬಂದು ಚೆನ್ನಾಗದೆ ಅನ್ಬೇಕಾ? ಬ್ಯಾಡ. ಹೋದ ಸಲ ನೀನು ಎತ್ತಿದ್ದಕ್ಕೇ ಇವನ ನೆಂಟ್ರು ಊರು ಬಿಟ್ಟಿದ್ದು. ಎರಡನೇ ಪುಟದಲ್ಲಿ ಇದೀನಿ, ಅಲ್ಲೇ ಇರ್ತೀನಿ. ಅಕ್ಕನ್ನ ನೋಡೋಕೆ ಮನೆಗ್ ಬಾ, ಇಡ್ಲಿ ಹಾಕ್ತಾಳೆ, ತಿನ್ನು. ಈ ಅಂಗಡಿಗೆ ಮಾತ್ರ ನಿನ್ನ ಕೈ ಸೋಕಿಸ್ಬೇಡ. ಏಳು, ಗಿರಾಕಿ ಬರೋ ಹೊತ್ತು."