ಆಮೇಲೇನಾಯ್ತು ಎಂದು ಕೇಳುತ್ತಿದ್ದ ಅಡ್ಮಿನ್ ಅಕ್ಕ

ಅವರ ತೋರುಬೆರಳಿನ ತುದಿ ಹೆಂಚಿಗೆ ಸುಟ್ಟು ಸುಟ್ಟು ಗಟ್ಟಿಯಾಗಿತ್ತು. ಎಷ್ಟು ಒತ್ತಿದರೂ ಫೋನು ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಉಂಗುರದ ಬೆರಳಿನಲ್ಲೇ ಟೈಪು. ನಮ್ಮ ವಾಟ್ಸಾಪ್ ಗುಂಪಿನ ಎಲ್ಲರಿಗೂ ಅವರು ಅಡ್ಮಿನ್ ಅಕ್ಕ. ಗಂಡ ತೀರಿಕೊಂಡ ಮೇಲೆ ಹೆಬ್ಬಾಳದಲ್ಲಿ ಮಗಳ ಜೊತೆಗಿದ್ದರು.

ನಾನು ಫೇಸ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ ಮನೆಯ ಮಾತುಗಳಿಗೆ ಲೈಕು ಬೀಳುತ್ತಿದ್ದವು, ಓದುವವರಿರಲಿಲ್ಲ. ಅಕ್ಕ ಒಬ್ಬರೇ "ಆಮೇಲೇನಾಯ್ತು?" ಎಂದು ಕೇಳಿದರು. ಕೇಳಿ, ತಮ್ಮ ಗುಂಪಿಗೆ ಸೇರಿಸಿಕೊಂಡರು. ಹತ್ತು ಹನ್ನೆರಡು ಹೆಂಗಸರು. ಬರೆದದ್ದು ಗುಂಪು ದಾಟಬಾರದು ಎಂಬುದೊಂದೇ ಕಟ್ಟಳೆ. ಯಾರಾದರೂ ಸುಮ್ಮನೆ ಕೈಮುಗಿಯುವ ಚಿತ್ರ ಹಾಕಿದರೆ ಅಕ್ಕನ ದನಿ ಬರುತ್ತಿತ್ತು: "ಕೈ ಮುಗಿಯಕ್ಕೆ ಇದೇನ್ ದೇವಸ್ಥಾನವೇನ್ರಮ್ಮಾ? ಓದಿ ಏನನ್ನಿಸ್ತು, ಅದನ್ನ ಹೇಳಿ."

ಆ ಧೈರ್ಯದ ಮೇಲೆ ಬರೆದೆ. ಬಸುರಿಯಾಗಿದ್ದಾಗ, ಪಿತೃಪಕ್ಷದ ದಿನ, ತೀರಿಹೋದ ಮಾವನವರಿಗೆ ಎಡೆ ಇಡುವ ಮೊದಲೇ, ಹಸಿವು ತಡೆಯದೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ವಡೆ ತಿಂದದ್ದನ್ನು.

ಯಾರೋ ಪುಣ್ಯಾತ್ಗಿತ್ತಿ ಅದನ್ನು ಫಾರ್ವರ್ಡ್ ಮಾಡಿದಳು. ತಣಿಸಂದ್ರದ ನಮ್ಮ ಬೀದಿಯೆಲ್ಲ ನೆಂಟರೇ. ಸಂಜೆಯೊಳಗೆ ಮನೆಯವರ ಗ್ರೂಪಿಗೇ ಬಂತು. ಓರಗಿತ್ತಿ ನಡುಮನೆಯಲ್ಲಿ ನಿಂತು ಜೋರಾಗಿ ಓದಿದಳು.

"ಹಿರೀಕರ್ಗೆ ಎಂಜ್ಲು ಇಕ್ಕಿದ್ಯಲ್ಲೇ!" ಎಂದರು ಅತ್ತೆ. ನನ್ನ ಗಂಡ ತಲೆ ಎತ್ತಲಿಲ್ಲ. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನನ್ನು ಗುಂಪಿನಿಂದ ತೆಗೆದುಬಿಡಿ ಎಂದು ಅಕ್ಕನಿಗೆ ಮೆಸೇಜು ಹಾಕಿದೆ.

ಅಕ್ಕ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಅವರದೇ ಬರಹ ಬಂತು, ಮೇಲೆ ಅವರ ಪೂರ್ತಿ ಹೆಸರು. ಗಂಡನ ಹೆಣ ಹಜಾರದಲ್ಲಿದ್ದಾಗ, ಮನೆಯವರಾರೂ ಏನೂ ಮುಟ್ಟದೆ ಕೂತಿದ್ದಾಗ, ತಾನು ಬಚ್ಚಲಿನ ಚಿಲಕ ಹಾಕಿಕೊಂಡು ಬಿಸ್ಕತ್ತು ತಿಂದೆ ಎಂದು. ಕೊನೆಗೊಂದು ಸಾಲು: "ಇದನ್ನೂ ಕಳಿಸ್ರಮ್ಮಾ."

ಯಾರೋ ಅದನ್ನೂ ಕಳಿಸಿದರು, ಅಕ್ಕನ ಗಂಡನ ಮನೆಯವರಿಗೂ ಮುಟ್ಟಿತು. ಆ ವರ್ಷ ಮೈದುನಂದಿರು ಅಕ್ಕನನ್ನು ಗಂಡನ ತಿಥಿಗೇ ಕರೆಯಲಿಲ್ಲ. ನನಗೋಸ್ಕರ ಮಾನ ಕಳೆದುಕೊಂಡರಲ್ಲ ಎಂದು ನಾನು ಇನ್ನಷ್ಟು ಕುಗ್ಗಿದೆ. ಫೋನಿನಲ್ಲಿ ಅತ್ತಾಗ ಗದರಿದರು: "ಹಸಿವಾಗಿತ್ತು, ತಿಂದ್ವಿ. ಸುಮ್ನಿರಮ್ಮ, ಮುಂದಿಂದು ಬರಿ." ನಾನು ಬರೆಯಲಿಲ್ಲ. ಅವರಿಗೆ ಮುಖ ತೋರಿಸುವುದಕ್ಕೂ ನಾಚಿಕೆ.

ಅವರ ಮನೆಗೆ ಹೋದದ್ದು ಅವರು ತೀರಿಕೊಂಡ ದಿನವೇ. ಹಜಾರದ ತುಂಬ ನೆಂಟರು. ಮಗುವಿಗೆ ಹಾಲೂಡಿಸುವ ಮಗಳು ಬೆಳಗಿನಿಂದ ಏನೂ ತಿಂದಿರಲಿಲ್ಲ, ಮುಖ ಬಿಳುಚಿಕೊಂಡಿತ್ತು. ನಾನು ಹೆಸರು ಹೇಳಿದ್ದೇ ತಡ, ಹತ್ತಿರ ಸರಿದಳು.

"ಅಮ್ಮನ ಗುಂಪಿನ ವಡೆ ಆಂಟಿ ನೀವೇ ಅಲ್ವಾ?" ಎಂದಳು. ಆಮೇಲೆ ನೆಲ ನೋಡುತ್ತಾ, "ಬ್ಯಾಗಲ್ಲಿ ಏನಾದ್ರೂ ಇದ್ಯಾ ಆಂಟಿ?"

ಬರುವಾಗ ಯಾಕೋ ಒಂದು ಬಿಸ್ಕತ್ತಿನ ಪೊಟ್ಟಣ ಕೊಂಡಿದ್ದೆ. ಅವಳ ಕೈಗಿಟ್ಟು ಬಚ್ಚಲಿಗೆ ಕಳಿಸಿ, ಬಾಗಿಲ ಮುಂದೆ ನಿಂತೆ.

ಅಕ್ಕನ ಮೈದುನ ಆ ಕಡೆ ಬಂದರು. "ಒಳಗ್ಯಾರು? ಏನ್ ಮಾಡ್ತಿದ್ದಾರೆ?"

"ಸ್ವಲ್ಪ ಹೊತ್ತಾಗುತ್ತೆ. ನೀವು ಹೋಗಿ" ಎಂದೆ.

ಅವರು ನನ್ನನ್ನೇ ನೋಡುತ್ತಾ ನಿಂತರು. ನನ್ನ ತಲೆ ತಗ್ಗಿಯೇ ಇತ್ತು. ಬಾಗಿಲು ಬಿಟ್ಟು ಮಾತ್ರ ಕದಲಲಿಲ್ಲ.